ಬಗರ್‌ಹುಕುಂ ಬಂಧುಗಳಿಗೆ ಸಾಂಬ್ರಾಣಿಯಿಂದ ಒಂದು ಬಹಿರಂಗ ಪತ್ರ

ಬೆಂಗಳೂರು, ಮುಂಬೈ ಹಾಗೂ ವಿಳಾಸ ಹೇಳಲು ಸದ್ಯ ಮನಸ್ಸಿಲ್ಲದ ಇತರ ಊರುಗಳಲ್ಲಿರುವ ಕ್ರಿಪ್ಟೊ ಎಕ್ಸ್‌ಚೇಂಜ್ ಮಾಲೀಕರಿಗೆ,

ಸಾಂಬ್ರಾಣಿಯ ಝೆರಾಕ್ಸ್ ಅಂಗಡಿಯವನ ನಮಸ್ಕಾರಗಳು.

ಮೊದಲು ನಕ್ಕು ಮುಗಿಸಿಬಿಡಿ. ನಮ್ಮೂರ ಹೆಸರು ಕೇಳಿದ ಕೂಡಲೇ ಬೆಂಗಳೂರಿನವರ ತುಟಿ ಅರಳುವುದು ನನಗೇನೂ ಹೊಸದಲ್ಲ. ಅಲ್ಲಿ ಸಾಂಬ್ರಾಣಿ ಅಂದರೆ ಒಂದೋ ದೇವರ ಮುಂದೆ ಹಾಕುವ ಹೊಗೆ, ಇಲ್ಲವೇ ತಲೆ ಓಡದವನಿಗೆ ಕೊಡುವ ಬಿರುದು. ಇಲ್ಲಿ ಅದು ಹಳಿಯಾಳ ತಾಲ್ಲೂಕಿನ ಒಂದು ಹೋಬಳಿ. ಭತ್ತ, ಗೋವಿನಜೋಳ, ಕಬ್ಬು ಬೆಳೆಯುತ್ತೇವೆ. ಬೆಳೆದದ್ದರಲ್ಲಿ ಆನೆಯ ಪಾಲು ಆನೆಗೆ, ಹಂದಿಯ ಪಾಲು ಹಂದಿಗೆ ಬಿಟ್ಟು ಉಳಿದದ್ದನ್ನು ಮಾರುತ್ತೇವೆ. ಹೊಗೆಯ ವ್ಯಾಪಾರ ನಮ್ಮದಲ್ಲ.

ನಿಮ್ಮನ್ನು ಬಂಧುಗಳೇ ಎಂದು ಕರೆಯುವಷ್ಟು ಸಲಿಗೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹೇಳುತ್ತೇನೆ. ನಮ್ಮ ಕಡೆ ಸರ್ಕಾರದ ಹುಕುಂ ಇಲ್ಲದೆ ಸರ್ಕಾರಿ ಜಾಗ ಉಳುವವನಿಗೆ ಬಗರ್‌ಹುಕುಂ ಸಾಗುವಳಿದಾರ ಎನ್ನುತ್ತಾರೆ. ಜಾಗ ಕಂದಾಯದ್ದಾದರೆ ಬಗರ್‌ಹುಕುಂ, ಅರಣ್ಯದ್ದಾದರೆ ಅತಿಕ್ರಮಣ. ಉತ್ತರ ಕನ್ನಡದಲ್ಲಿ ಕಾಡು ಜಾಸ್ತಿ, ಹಾಗಾಗಿ ಎರಡನೆಯವರೇ ಜಾಸ್ತಿ. ಅಜ್ಜ ಕಡಿದ, ಅಪ್ಪ ಉತ್ತ, ಮಗ ಅರ್ಜಿ ಹಾಕುತ್ತಿದ್ದಾನೆ. ಫಾರಂ 50 ಬಂತು, 53 ಬಂತು, 2018ರಲ್ಲಿ 57 ಬಂತು. ಇವನ್ನೆಲ್ಲ ನಾನು ಬಾಯಿಪಾಠ ಹೇಳಬಲ್ಲೆ. ಒಂದೊಂದು ಫಾರಂ ಬಂದಾಗಲೂ ನನ್ನ ಅಂಗಡಿಯ ಟೋನರ್ ಖಾಲಿಯಾಗುತ್ತದೆ.

ಇತ್ತೀಚೆಗೆ ಒಬ್ಬ ಅಜ್ಜ ಬಂದಿದ್ದರು. ಅಂಗಿಯೊಳಗಿನ ಪ್ಲಾಸ್ಟಿಕ್ ಚೀಲದಿಂದ ಒಂದು ದಂಡದ ರಸೀದಿ ತೆಗೆದರು. ಮಡಿಚಿ ಮಡಿಚಿ ಅದು ನಾಲ್ಕು ತುಂಡಾಗಿತ್ತು. ಗಾಜಿನ ಮೇಲೆ ತುಂಡಿಗೆ ತುಂಡು ಹೊಂದಿಸಿ ಇಟ್ಟೆ. ಹೆಸರಿದೆ, ಸರ್ವೆ ನಂಬರಿದೆ, ಅಕ್ರಮವಾಗಿ ಉತ್ತಿದ್ದಕ್ಕೆ ಇಷ್ಟು ದಂಡ ಎಂದಿದೆ, ಸೀಲೂ ಇದೆ. ಅವರು ಕಣ್ಣು ಕಿರಿದು ಮಾಡಿ ನೋಡುತ್ತ, "ತಮ್ಮಾ, ಸೀಲು ಚಲೋ ಬರಬೇಕ ನೋಡ. ಅದ ನಮ್ಮ ಪಟ್ಟಾ" ಅಂದರು. ತಪ್ಪು ಮಾಡಿದ್ದಕ್ಕೆ ಕೊಟ್ಟ ರಸೀದಿಯೇ ಆ ಮನೆಯ ಅತ್ಯಮೂಲ್ಯ ಕಾಗದ. ದಂಡ ಕಟ್ಟಿಸಿಕೊಂಡಿದ್ದಾರೆ ಅಂದಮೇಲೆ ನಾವು ಅಲ್ಲಿದ್ದೆವು ಎಂದು ಸರ್ಕಾರವೇ ಒಪ್ಪಿದ ಹಾಗಾಯಿತಲ್ಲ ಎನ್ನುವುದು ಅಜ್ಜನ ತರ್ಕ. ವಕೀಲರೂ ಅದನ್ನೇ ಹೇಳುತ್ತಾರೆ, ಫೀಸು ತಗೊಂಡು.

ಈಗ ನಿಮ್ಮ ಪಹಣಿ ನೋಡೋಣ.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಕ್ರಿಪ್ಟೊ ಇಟ್ಟುಕೊಳ್ಳಬೇಡಿ ಎಂದು ಜನರಿಗೆ ಹೇಳಲಿಲ್ಲ, ಅಂಗಡಿ ಮುಚ್ಚಿ ಎಂದು ನಿಮಗೂ ಹೇಳಲಿಲ್ಲ. ಇವರ ಖಾತೆ ಇಟ್ಟುಕೊಳ್ಳಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಹೊಲ ನಿನ್ನದೋ ಅಲ್ಲವೋ ಎಂಬ ಮಾತೇ ಎತ್ತದೆ ಹೊಲಕ್ಕೆ ಹೋಗುವ ದಾರಿಗೆ ಟ್ರೆಂಚ್ ಹೊಡೆಯುವ ವಿದ್ಯೆ ಇದು. ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಝೆಬ್‌ಪೇ ಎಕ್ಸ್‌ಚೇಂಜ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಹಿವಾಟು ನಿಲ್ಲಿಸಿತು. 2013ರಲ್ಲಿ ತುಮಕೂರಿನಲ್ಲಿ ಹುಟ್ಟಿದ ನಮ್ಮ ಯುನೊಕಾಯಿನ್ ಸ್ವಲ್ಪ ಗಟ್ಟಿ ಗುಂಡಿಗೆಯದು. ಬ್ಯಾಂಕು ಬಾಗಿಲು ಹಾಕಿದರೇನಂತೆ ಎಂದು ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಎಟಿಎಂ ಥರದ್ದೊಂದು ಯಂತ್ರ ತಂದು ನಿಲ್ಲಿಸಿತು. ಯಂತ್ರ ಪೊಲೀಸರ ವಶವಾಯಿತು, ಸಂಸ್ಥಾಪಕರ ಬಂಧನವಾಯಿತು. ಯಾವ ಕಾನೂನಿನಲ್ಲಿ ಅದು ತಪ್ಪು ಎಂದರೆ, ಅನುಮತಿ ಇರಲಿಲ್ಲವಂತೆ. ಯಾರ ಅನುಮತಿ ಎಂದು ಕೇಳಬಾರದು. ಅದನ್ನು ಕೊಡುವ ಕಚೇರಿಯನ್ನು ಆಗ ಯಾರೂ ತೆರೆದಿರಲಿಲ್ಲ. ಈಗಲೂ ತೆರೆದಿಲ್ಲ.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ಹೊಡೆದುಹಾಕಿತು. ನಿಷೇಧವೇ ಇಲ್ಲದ ವ್ಯಾಪಾರಕ್ಕೆ ಬ್ಯಾಂಕು ತಪ್ಪಿಸಿದರೆ ಅದು ಉಸಿರು ಕಟ್ಟಿಸಿದಂತೆ, ಅಷ್ಟು ದೊಡ್ಡ ಪೆಟ್ಟಿಗೆ ತಕ್ಕ ಹಾನಿಯನ್ನು ರಿಸರ್ವ್ ಬ್ಯಾಂಕ್ ತೋರಿಸಿಲ್ಲ ಎಂಬುದು ತೀರ್ಪಿನ ಸಾರ. ನೀವು ಪೇಡೆ ಹಂಚಿದಿರಿ. ಬ್ಯಾಂಕುಗಳು ಮಾತ್ರ ಸತ್ತ ಸುತ್ತೋಲೆಯನ್ನೇ ತೋರಿಸಿ ಗಿರಾಕಿಗಳನ್ನು ವಾಪಸು ಕಳಿಸುತ್ತ ಕುಳಿತವು. ಸತ್ತದ್ದು ಸತ್ತಿದೆ, ಅದರ ಹೆಸರು ಹೇಳಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಮೇ 31ರಂದು ಇನ್ನೊಂದು ಸುತ್ತೋಲೆ ಬರೆಯಬೇಕಾಯಿತು. ಹುಕುಂ ಬಂದು ವರ್ಷವಾದರೂ ನಾಡಕಚೇರಿಗೆ ತಲುಪುವುದಿಲ್ಲ ಎಂದು ನಾವು ಗೊಣಗುತ್ತೇವಲ್ಲ, ನಮಗಿಂತ ನಿಮ್ಮ ಪಾಡೇನೂ ಬೇರೆಯಲ್ಲ.

ಆಮೇಲೆ ಬಂತು ನೋಡಿ ಅಸಲಿ ದಂಡದ ರಸೀದಿ. 2022ರ ಬಜೆಟ್. ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಜುಲೈ 1ರಿಂದ ಪ್ರತಿ ವರ್ಗಾವಣೆಗೆ ಶೇ 1 ಟಿಡಿಎಸ್. ಹಾಗಾದರೆ ಇದು ಕಾನೂನುಬದ್ಧವೇ ಎಂದು ರಾಜ್ಯಸಭೆಯಲ್ಲಿ ಕೇಳಿದರೆ, ನಮ್ಮ ರಾಜ್ಯದಿಂದಲೇ ಅಲ್ಲಿಗೆ ಆರಿಸಿಹೋದ ಹಣಕಾಸು ಸಚಿವರ ಉತ್ತರದ ತಾತ್ಪರ್ಯ ಇಷ್ಟು: ತೆರಿಗೆ ಹಾಕುವುದು ಸರ್ಕಾರದ ಹಕ್ಕು; ಸಕ್ರಮವೋ ಅಕ್ರಮವೋ ಆಮೇಲೆ ನೋಡೋಣ. ನನಗೆ ಟಿವಿಯ ಮುಂದೆ ಕುಳಿತಲ್ಲೇ ರೋಮಾಂಚನವಾಯಿತು. ಸರ್ವೆ ನಂಬರಿದೆ, ದಂಡವಿದೆ, ಸೀಲಿದೆ, ಪಟ್ಟಾ ಇಲ್ಲ. ಬಂಧುಗಳು ಸಿಕ್ಕರು ಎಂದು ಹೆಂಡತಿಯನ್ನು ಕೂಗಿದೆ.

ಆ ತೆರಿಗೆಯ ಲೆಕ್ಕವನ್ನು ನನ್ನ ಅಳಿಯ, ಅಂದರೆ ಅಕ್ಕನ ಮಗ, ನನಗೆ ತಿಳಿಸಿಕೊಡಲು ಒಂದು ಸಂಜೆಯಿಡೀ ಒದ್ದಾಡಿದ. "ಮಾಮಾ, ಒಂದು ಕಾಯಿನ್‌ನ್ಯಾಗ ಹತ್ತ ಸಾವಿರ ಬಂತು, ಇನ್ನೊಂದರಾಗ ಹತ್ತ ಸಾವಿರ ಹೋತು. ನನ್ನ ಕೈಯಾಗ ಏನ ಉಳೀತು?" ಸೊನ್ನೆ ಅಂದೆ. "ಹಂಗಾರ ಟ್ಯಾಕ್ಸ್ ಎಷ್ಟ?" ಸೊನ್ನೆ ಅಂದೆ. ಸೆಸ್ಸೂ ಸೇರಿ 3,120 ರೂಪಾಯಿ ಅಂದ! ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲವಂತೆ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲವಂತೆ. ನನಗೆ ಅರ್ಥವಾಗಲು ಅದನ್ನು ಹೊಲಕ್ಕೆ ಇಳಿಸಬೇಕಾಯಿತು. ಮೇಲಿನ ಹೊಲದ ಗೋವಿನಜೋಳ ಕೈಗೆ ಬಂತು, ಕೆಳಗಿನ ಗದ್ದೆಯ ಭತ್ತವನ್ನು ಆನೆ ತುಳಿಯಿತು. ಸಾಹೇಬರು ಬಂದು ಜೋಳದ ರಾಶಿ ಮಾತ್ರ ಅಳೆಯುತ್ತಾರೆ. ಗದ್ದೆ ಕಡೆ ಬರ್ರಿ ಸಾಹೇಬ್ರ ಅಂದರೆ, ಅದು ಆನೆಗೂ ನಿನಗೂ ಸಂಬಂಧಪಟ್ಟದ್ದು ಅನ್ನುತ್ತಾರೆ.

ಇನ್ನು ಆ ಶೇ 1. ಕೇಳಲು ಚಿಲ್ಲರೆ. ಆದರೆ ಅದು ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ಅದೂ ಪ್ರತಿ ಸಲ. ಚೀಲ ಕೈ ಬದಲಾದಾಗಲೆಲ್ಲ ಬಾಗಿಲಲ್ಲಿ ನಿಂತವನು ಒಂದು ಹಿಡಿ ತೆಗೆದಿಟ್ಟುಕೊಂಡ ಹಾಗೆ. ಬೆಲೆ ಏರದೆ ಇಳಿಯದೆ ಹತ್ತು ಸಲ ಮಾರಿ ಕೊಂಡರೆ ನೂರು ರೂಪಾಯಿಯಲ್ಲಿ ಕೈಯಲ್ಲಿ ಉಳಿಯುವುದು ತೊಂಬತ್ತು ಚಿಲ್ಲರೆ. ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ, ನಿಜ; ಅಲ್ಲಿಯವರೆಗೆ ವ್ಯಾಪಾರಕ್ಕೆ ಬಂಡವಾಳ? ದಿನಕ್ಕೆ ಹತ್ತು ಸಲ ಮಾರುವ ನಿಮ್ಮ ಗಿರಾಕಿಗಳು ಹೊಳೆ ದಾಟಿ ವಿದೇಶಿ ಎಕ್ಸ್‌ಚೇಂಜ್‌ಗಳ ಸಂತೆಗೆ ಹೋದರು. ಕಾನೂನು ಕೇಳಿದ ನೀವು ಖಾಲಿ ಅಂಗಡಿಯಲ್ಲಿ, ಕೇಳದವರು ತುಂಬಿದ ಅಂಗಡಿಯಲ್ಲಿ. ಈ ಒಂದು ವಿಷಯದಲ್ಲಿ ನನ್ನ ಕನಿಕರಕ್ಕೆ ವ್ಯಂಗ್ಯ ಬೆರೆಸಿಲ್ಲ, ನಂಬಿ.

ಹೊಳೆಯಾಚೆಯವರನ್ನೂ ಕೊನೆಗೆ ವಿಚಾರಿಸಿಕೊಂಡರು ಅನ್ನಿ. 2023ರ ಮಾರ್ಚ್‌ನಲ್ಲಿ ನಿಮ್ಮನ್ನೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ದೆಹಲಿಯ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಿ, ಗಿರಾಕಿಯ ಗುರುತು ಇಟ್ಟುಕೊಳ್ಳಿ, ಅನುಮಾನ ಬಂದರೆ ತಿಳಿಸಿ ಎಂದರು. ಡಿಸೆಂಬರ್‌ನಲ್ಲಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಯಿತು. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದಾದ ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ ಬಿದ್ದ ದಂಡ 18.82 ಕೋಟಿ ರೂಪಾಯಿ. ನೋಂದಾಯಿಸಿಕೊಂಡು ಅಂಗಡಿ ಮತ್ತೆ ತೆರೆಯಿತು. ನಮ್ಮ ಅಜ್ಜ ಕೇಳಿದ್ದರೆ, ಅಷ್ಟು ದೊಡ್ಡ ರಸೀದಿಗೆ ಎಂಥ ಸೀಲು ಬಿದ್ದಿರಬಹುದು ಎಂದು ಬೆರಗಾಗುತ್ತಿದ್ದರು.

ಬಂಧುಗಳೇ, ಇಲ್ಲಿಂದ ಮುಂದೆ ಸ್ವಲ್ಪ ಒರಟಾಗಿ ಮಾತಾಡುತ್ತೇನೆ.

ಆ ನೋಂದಣಿಯನ್ನು ನೀವು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಅನುಮಾನದ ವ್ಯವಹಾರ ಕಂಡರೆ ತಿಳಿಸುತ್ತೇವೆ ಎಂದು ನೀವು ಬರೆದುಕೊಟ್ಟದ್ದು ಅದು. ಗಿರಾಕಿಯ ದುಡ್ಡು ನಿಮ್ಮಲ್ಲಿ ಭದ್ರ ಎಂದು ಸರ್ಕಾರ ಬರೆದುಕೊಟ್ಟದ್ದಲ್ಲ. ಷೇರು ಮಾರುವವರ ಮೇಲೆ ಸೆಬಿ ಇದೆ, ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಇದೆ, ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ನಿಮ್ಮ ಮೇಲೆ ಇರುವುದು ತೆರಿಗೆಯವರು ಮತ್ತು ಪೊಲೀಸರು. ಇಬ್ಬರೂ ಬರುವುದು ರಾಶಿ ಆದಮೇಲೆ. ಅಜ್ಜ ದಂಡದ ರಸೀದಿಯನ್ನು ಪಟ್ಟಾ ಎಂದು ನಂಬಿದ್ದು ಓದು ಬಾರದ್ದಕ್ಕೆ. ಅಂಥದ್ದೇ ರಸೀದಿಗೆ ಕಟ್ಟು ಹಾಕಿಸಿ ನೀವು ಗೋಡೆಗೆ ತೂಗುಹಾಕಿದ್ದು, ಓದು ಬಾರದವರು ಬರುತ್ತಾರೆ ಎಂದು ಗೊತ್ತಿದ್ದಕ್ಕೆ.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೊ ಕಳುವಾಯಿತು. ದುಡ್ಡಿಟ್ಟವರು ಹಾಸನದವರಿರಬಹುದು, ಹುಬ್ಬಳ್ಳಿಯವರಿರಬಹುದು. ಪಂಚಾಯ್ತಿ ನಡೆದದ್ದು ಸಿಂಗಪುರದ ಹೈಕೋರ್ಟಿನಲ್ಲಿ. ಅಂಗಡಿ ಮತ್ತೆ ಬಾಗಿಲು ತೆರೆಯಲು 15 ತಿಂಗಳು ಹಿಡಿಯಿತು, ಬಾಕಿಗೆ ‘ರಿಕವರಿ ಟೋಕನ್’ ಎಂಬ ಚೀಟಿ. ಕಾನೂನು ಇಲ್ಲ, ಕಾನೂನು ಇಲ್ಲ ಎಂದು ವರ್ಷಗಟ್ಟಲೆ ಎದೆ ಬಡಿದುಕೊಂಡ ನಿಮ್ಮ ಬಳಗಕ್ಕೆ ಆ 15 ತಿಂಗಳು ಕಾನೂನು ಇಲ್ಲದ್ದು ಅಷ್ಟೇನೂ ಅನಾನುಕೂಲವಾದಂತೆ ನನಗೆ ಕಾಣಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕ್ರಿಪ್ಟೊವೂ ಒಂದು ಆಸ್ತಿಯೇ, ಬೇರೆಯವರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದದ್ದು ಎಂದಾಗ ಸಮಾಧಾನವಾದದ್ದು ನಿಮಗಲ್ಲ, ನಿಮ್ಮ ಗಿರಾಕಿಗೆ. ಬಗರ್‌ಹುಕುಂ ಜಮೀನನ್ನು ಲಾವಣಿಗೆ ಹಾಕಿಕೊಂಡವನು ಅವನು. ಯಜಮಾನನಿಗೇ ಪಟ್ಟಾ ಇಲ್ಲದಿದ್ದರೆ ಲಾವಣಿಯವನು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ನನ್ನ ಅಳಿಯ ಹತ್ತುತ್ತಲೇ ಇದ್ದಾನೆ. ತೆರಿಗೆ ಕಾಟ ತಪ್ಪುತ್ತದೆ ಎಂದು ಯಾರೋ ಹೇಳಿದರು. ಇದ್ದಬದ್ದದ್ದನ್ನು ಯಾವನೋ ಗುರುತಿಲ್ಲದವನಿಗೆ ನೇರವಾಗಿ ಮಾರಿದ. 18,400 ರೂಪಾಯಿ ಖಾತೆಗೆ ಬಂತು. ಹದಿನೈದು ದಿನಕ್ಕೆ ಖಾತೆಯೇ ಹೋಲ್ಡ್. ಕೊಂಡವನು ಕೊಟ್ಟ ದುಡ್ಡು ಬೇರೆ ರಾಜ್ಯದ ಯಾರನ್ನೋ ವಂಚಿಸಿ ತಂದದ್ದಂತೆ, ಅಲ್ಲಿ ದೂರಾಗಿದೆಯಂತೆ. ಆ ಖಾತೆಯಲ್ಲೇ ಅವನಪ್ಪನ ಕಬ್ಬಿನ ಬಿಲ್ಲೂ ಇತ್ತು. ಬ್ಯಾಂಕಿನವರು ಪೊಲೀಸರನ್ನು ಕೇಳು ಅಂತಾರೆ, ಅಲ್ಲಿನ ಪೊಲೀಸರು ಹಿಂದಿಯಲ್ಲಿ ಬಾ ಅಂತಾರೆ, ಎಕ್ಸ್‌ಚೇಂಜಿನವರು ನಿಮ್ಮ ಕರೆ ನಮಗೆ ಅಮೂಲ್ಯ ಅಂತಾರೆ, ಅದೂ ರೆಕಾರ್ಡಿನಲ್ಲಿ. ಅವನ ಕಾಗದಗಳಿಗೆ ನಾನು ಈವರೆಗೆ ಮಾಡಿಕೊಟ್ಟ ಝೆರಾಕ್ಸ್ 64 ಹಾಳೆ. ಸಂಬಂಧಿಕನೆಂದು ದುಡ್ಡು ತಗೊಂಡಿಲ್ಲ.

ಟೀಕೆ ಮಾಡಿ ಬಿಡುವವನು ನಾನಲ್ಲ, ದಾರಿಯನ್ನೂ ಹೇಳುತ್ತೇನೆ. ಅರ್ಜಿ ಹಾಕಿ. ನನ್ನ ಅಂಗಡಿಯಲ್ಲಿ ಎಲ್ಲ ನಮೂನೆಯೂ ಇವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ಕ್ಕೆ. ಹಾಗಾಗಿ 2084ರವರೆಗೆ ಕಾಯಬೇಕಾಗಬಹುದು. ನಮ್ಮ ಕಡೆ ಅದನ್ನು ‘ಶೀಘ್ರ ವಿಲೇವಾರಿ’ ಎನ್ನುತ್ತಾರೆ. ಕಾಗದದ ಪುರಾವೆ ಇಲ್ಲದಿದ್ದರೆ ಊರ ಹಿರಿಯರ ಹೇಳಿಕೆಯನ್ನೂ ಕೊಡಬಹುದು. ನಿಮ್ಮೂರಿನ ಹಿರಿಯರು ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ನಕಾಮೊಟೊ ಅಂತ ಕೇಳಿದ್ದೇನೆ. ಅವರನ್ನು ಇದುವರೆಗೆ ಯಾರೂ ನೋಡಿಲ್ಲವಂತೆ. ಗ್ರಾಮಸಭೆಯ ದಿನ ಆಧಾರ್ ಕಾರ್ಡ್ ಸಮೇತ ಹಾಜರಿರಲು ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಝೆರಾಕ್ಸ್ ಅಂಗಡಿಯವ, ಸಾಂಬ್ರಾಣಿ

ತಾ.ಕ.: ಈ ಪತ್ರ ಟೈಪ್ ಮಾಡುವಾಗ ಅದೇ ಅಜ್ಜ ಮತ್ತೆ ಬಂದಿದ್ದರು, ಸೀಲು ಮಸುಕಾಗಿದೆ, ಇನ್ನೊಂದು ತಗಿ ಎಂದು. ಯಾರಿಗೆ ಬರೆಯಾಕ ಹತ್ತೀ ಎಂದು ಕೇಳಿದರು. "ನಿಮ್ಮಂಥವರಿಗೇ ಅಜ್ಜಾ, ದಂಡ ಕಟ್ಟತಾರ, ಪಟ್ಟಾ ಇಲ್ಲ" ಅಂದೆ. ಪಾಪ ಅಂದರು. ಒಂದು ಗಳಿಗೆ ಬಿಟ್ಟು, "ಅವರ ಹೊಲ ಎಲ್ಲಿ ಬರತೈತಿ?" ಎಂದು ಕೇಳಿದರು. ನಾನು ಸ್ಕ್ರೀನ್ ನೋಡಿದೆ, ಕಿಟಕಿ ನೋಡಿದೆ. ಅಜ್ಜ ಎರಡು ರೂಪಾಯಿ ಗಾಜಿನ ಮೇಲಿಟ್ಟು ರಸೀದಿ ಮಡಿಚತೊಡಗಿದರು.