ಶೃಂಗೇರಿಗೆ ಯಾವಾಗ ಹೋಗೋಣ?

ಶೃಂಗೇರಿ ಮಠಕ್ಕೆ ಹೋಗಲು ಯಾವ ಕಾಲ ಚೆನ್ನ? ಈ ಪ್ರಶ್ನೆ ಎದ್ದರೆ ನಾಲ್ಕು ಜನರ ಮನೆಯಲ್ಲಿ ಐದು ಪಂಚಾಂಗ ಹೊರಬರುತ್ತವೆ.

ಅಜ್ಜಿಯ ಮತ ನವರಾತ್ರಿಗೆ. ಶಾರದಾಂಬೆಗೆ ದಿನಕ್ಕೊಂದು ಅಲಂಕಾರ, ರಾತ್ರಿ ಜಗದ್ಗುರುಗಳ ದರ್ಬಾರು. ಆದರೆ ದಸರಾ ರಜೆಗೆ ಅರ್ಧ ಬೆಂಗಳೂರೂ ಅಲ್ಲೇ ಇಳಿದಿರುತ್ತದೆ. ದೇವಿಗಿಂತ ಮುಂದೆ ನಿಂತವರ ಬೆನ್ನಿನ ದರ್ಶನವೇ ಧಾರಾಳ.

ಅಪ್ಪನದು ಮಳೆಗಾಲದ ವಾದ: ಆಗ ಗುರುಗಳು ಮಠದಲ್ಲೇ ಸಿಗುತ್ತಾರಂತೆ. ಆಷಾಢ ಹುಣ್ಣಿಮೆಯಿಂದ ಚಾತುರ್ಮಾಸ್ಯ, ಸನ್ಯಾಸಿಗಳು ಸಂಚಾರ ಮಾಡುವಂತಿಲ್ಲ. ಪಕ್ಕದಲ್ಲೇ ಆಗುಂಬೆ ಇರುವಾಗ ಜುಲೈನಲ್ಲಿ ಭಕ್ತರೂ ಮಾಡುವಂತಿಲ್ಲ ಎನ್ನುವುದನ್ನು ಅವರು ಮರೆತಿದ್ದಾರೆ! ತುಂಗೆ ಉಕ್ಕಿದರೆ ದಡದ ಕಪ್ಪೆ ಶಂಕರನ ಶಿಲ್ಪವೇ ಮುಳುಗುತ್ತದೆ. ಐತಿಹ್ಯದ ಆ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದು ಬಿಸಿಲಿಗೆ. ಮಳೆಗೆ ಕೊಡೆ ಹಿಡಿಯುವ ಮಾತೇ ಆಗಿರಲಿಲ್ಲ.

ಅಮ್ಮನಿಗೆ ಡಿಸೆಂಬರ್ ಇಷ್ಟ. ಚಳಿ ಹಿತ, ಘಾಟಿ ರಸ್ತೆ ಒಣಗಿರುತ್ತದೆ, ಸೀರೆಯ ಅಂಚಿಗೆ ಕೆಸರಿಲ್ಲ.

ಅತ್ತ ವಿದ್ಯಾಶಂಕರ ದೇಗುಲದಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ಕಂಬಗಳು. ಯಾವ ತಿಂಗಳಿಗೂ ಪಕ್ಷಪಾತವಿಲ್ಲ.

ಇಷ್ಟೆಲ್ಲ ಚರ್ಚೆ ಕೇಳಿದ ಮೊಮ್ಮಗನಿಗೆ ಇದ್ದ ಅನುಮಾನ ಒಂದೇ: ಹೊಳೆಯ ಮೀನುಗಳಿಗೆ ಹಾಕುವ ಮಂಡಕ್ಕಿ ವರ್ಷವಿಡೀ ಸಿಗುತ್ತದೆಯೇ?