ಮಡಿಕೋಲಿನ ವಾರಸುದಾರ

ಅಜ್ಜಿ ತೀರಿಕೊಂಡ ಮೇಲೆ ಅವಳ ಆಸ್ತಿ ವಿಲೇವಾರಿಯಾಯಿತು. ಎರಡೆಳೆ ಸರ ದೊಡ್ಡತ್ತೆಗೆ, ಬೆಳ್ಳಿಯ ಪಂಚಪಾತ್ರೆ ಚಿಕ್ಕಪ್ಪನಿಗೆ, ಹಿತ್ತಾಳೆ ಕಾಫಿ ಫಿಲ್ಟರು ಜಗಳವಾಡಿ ಗೆದ್ದ ಅಕ್ಕನಿಗೆ. ಹಿರಿಯ ಮೊಮ್ಮಗನಾದ ನನ್ನ ಪಾಲಿಗೆ ಬಂದದ್ದು ಒಂದು ಮಡಿಕೋಲು ಮತ್ತು ಪಂಚಾಂಗ ನೋಡಿ ಏಕಾದಶಿ ಯಾವತ್ತೆಂದು ಮನೆಮಂದಿಗೆಲ್ಲ ಹೇಳುವ ಜವಾಬ್ದಾರಿ. ಇವೆರಡಕ್ಕೂ ಬೇರೆ ಯಾರೂ ಕೈಚಾಚಿರಲಿಲ್ಲ.

ಮೈಸೂರಿನ ಅಗ್ರಹಾರದಲ್ಲಿದ್ದ ನಮ್ಮ ಹಳೇ ಮನೆಯ ನಡುಮನೆಯಲ್ಲಿ, ಯಾರ ಕೈಗೂ ಎಟುಕದ ಹಾಗೆ ಒಂದು ಬಿದಿರಿನ ಗಳು ತೂಗುತ್ತಿತ್ತು. ಅಜ್ಜಿ ಬೆಳಗಿನ ಜಾವ ತಣ್ಣೀರು ಹುಯ್ದುಕೊಂಡು, ಹದಿನೆಂಟು ಮೊಳದ ಸೀರೆ ಹಿಂಡಿ, ಕೋಲಿನ ತುದಿಗೆ ಸಿಕ್ಕಿಸಿ ಮೇಲಕ್ಕೆ ಎಸೆದಳೆಂದರೆ ಸೀರೆ ಗಳುವಿನ ಮೇಲೆ ತಾನಾಗಿ ಬಿಚ್ಚಿಕೊಂಡು ಇಳಿಯುತ್ತಿತ್ತು, ಎರಡೂ ಅಂಚು ಸಮ. ಆಮೇಲೆ ಅದರ ಕೆಳಗೆ ನಾವು ಹುಡುಗರು ತಲೆ ತಗ್ಗಿಸಿ ಓಡಾಡಬೇಕು. ಈಗ ಅದೇ ಕೋಲಿನಲ್ಲಿ ನಾನು ಫ್ಯಾನಿನ ಮೇಲಿನ ಜೇಡರ ಬಲೆ ತೆಗೆಯುತ್ತೇನೆ. ಹೋದ ಸಲ ಬಲೆ ಹಾಗೇ ಉಳಿಯಿತು, ಬಲ್ಬು ಕೆಳಗೆ ಬಂತು. "ಅಜ್ಜಿ ಕೋಲು ಹಿಡಿದರೆ ಮಡಿ, ನೀವು ಹಿಡಿದರೆ ಬರೀ ಪುಡಿ" ಎಂದಳು ನನ್ನ ಹೆಂಡತಿ, ಗಾಜು ಗುಡಿಸುತ್ತಾ.

ಮಡಿಯ ಹೆಸರಿನಲ್ಲಿ ಯಾರು ಯಾರನ್ನು ಹೊಸಿಲಾಚೆ ನಿಲ್ಲಿಸಿದ್ದರು ಎಂಬುದು ನನಗೆ ಗೊತ್ತು. ಅದನ್ನು ಅಜ್ಜಿಯ ಮೇಲಿನ ಪ್ರೀತಿಯಲ್ಲಿ ಮುಚ್ಚಿಡಲಾರೆ. ಆದರೆ ತನ್ನ ಮೇಲೆ ತಾನೇ ಹೇರಿಕೊಂಡ ಕಾನೂನುಗಳಲ್ಲಿ ಅವಳಿಗೆ ಎಂಥ ಮೋಜಿತ್ತು ಅಂತೀರಿ! ಚಾತುರ್ಮಾಸ್ಯ ಬಂತೆಂದರೆ ನಮ್ಮ ಮಾಧ್ವರ ಮನೆ ನಾಲ್ಕು ತಿಂಗಳು ಬೇರೆಯದೇ ಸಂವಿಧಾನದಡಿ ನಡೆಯುತ್ತಿತ್ತು. ಮೊದಲ ತಿಂಗಳು ತರಕಾರಿ ಇಲ್ಲ, ಮೆಣಸಿನಕಾಯಿ ಬದಲು ಕಾಳುಮೆಣಸು, ಹುಣಸೆ ಬದಲು ಒಣಮಾವಿನಕಾಯಿ. ಎರಡನೆಯದರಲ್ಲಿ ಮೊಸರಿಲ್ಲ, ಮಜ್ಜಿಗೆ ಉಂಟು. ಮೂರನೆಯದರಲ್ಲಿ ಹಾಲಿಲ್ಲ, ಮೊಸರು ವಾಪಸು. ನಾಲ್ಕನೆಯದರಲ್ಲಿ ಬೇಳೆಕಾಳುಗಳ ಸರದಿ. ಮೊಸರು ತಪ್ಪಾದರೆ ಅದನ್ನೇ ಕಡೆದ ಮಜ್ಜಿಗೆ ಹೇಗೆ ಸರಿ ಎಂದು ನಾನೊಮ್ಮೆ ವಕೀಲನಂತೆ ವಾದ ಹೂಡಿದ್ದೆ. "ಲೋ, ಪಾಪಾನ ಚೆನ್ನಾಗಿ ಕಡೆದು ಬೆಣ್ಣೆ ತೆಗೆದುಬಿಟ್ಟಿದೀನಿ, ಕುಡಿ" ಎಂದು ಲೋಟ ಕೈಗಿಟ್ಟಳು. ನನ್ನ ತರ್ಕಶಾಸ್ತ್ರದ ಓದು ಅಲ್ಲಿಗೆ ಮುಗಿಯಿತು.

ಕಷ್ಟವಿದ್ದದ್ದು ಮೂರನೆಯ ತಿಂಗಳಿನ ಕ್ಷೀರವ್ರತದಲ್ಲಿ. ಅದು ಸರಿಯಾಗಿ ದಸರೆ ಹೊತ್ತಿಗೆ ಬರುತ್ತದೆ. ಹಾಲಿಲ್ಲದೆ ಕಾಫಿ ಎಂದರೆ ಬೆಲ್ಲ ಹಾಕಿದ ಬರೀ ಡಿಕಾಕ್ಷನ್. 1996ರ ದಸರೆ ದಿನಗಳಲ್ಲಿ ಬೆಂಗಳೂರಿನಲ್ಲಿ ಟೈಟಾನ್ ಕಪ್ ಕ್ರಿಕೆಟ್ ಪಂದ್ಯ, ಭಾರತಕ್ಕೆ ಆಸ್ಟ್ರೇಲಿಯಾ ಎದುರಾಳಿ. ಅಜ್ಜಿ ಟೀವಿ ಮುಂದೆ ಕರೀ ಕಾಫಿ ಇಟ್ಟುಕೊಂಡು ಲಕ್ಷಬತ್ತಿಗೆ ಹತ್ತಿ ಹೊಸೆಯುತ್ತಿದ್ದಳು. ನೂರು ಬತ್ತಿಗೊಂದು ಹುಣಸೆಬೀಜ ಪಕ್ಕಕ್ಕೆ ಸರಿಸುವುದು ಅವಳ ಲೆಕ್ಕ. ಗೆಲ್ಲಲು 216 ಬೇಕು, ನಾವು 164ಕ್ಕೆ ಎಂಟು ವಿಕೆಟ್ ಕಳೆದುಕೊಂಡು ಕೂತಿದ್ದೇವೆ. ಕ್ರೀಸಿನಲ್ಲಿ ಕುಂಬ್ಳೆ ಮತ್ತು ನಮ್ಮೂರ ಹುಡುಗ ಶ್ರೀನಾಥ್. ಅಜ್ಜಿಗೆ ಕ್ರಿಕೆಟ್ಟಿನ ಗಂಧಗಾಳಿಯಿಲ್ಲ, ಆದರೆ ಮೈಸೂರಿನ ಹುಡುಗ ಕಷ್ಟದಲ್ಲಿದ್ದಾನೆ ಎಂಬುದು ತಿಳಿಯಿತು. ಬೀಜ ಸರಿಸಿದರೆ ವಿಕೆಟ್ ಬೀಳುತ್ತದೆಂದು ಅವಳಿಗೆ ಯಾಕೆ ಅನ್ನಿಸಿತೋ, ಬತ್ತಿ ಹೊಸೆಯುತ್ತಲೇ ಹೋದಳು, ಬೀಜ ಮುಟ್ಟಲಿಲ್ಲ. ಅವರಿಬ್ಬರೂ 52 ರನ್ ಸೇರಿಸಿ ಗೆಲ್ಲಿಸಿಬಿಟ್ಟರು. ಲೆಕ್ಕ ತಪ್ಪಿಹೋದ ಬತ್ತಿಯ ರಾಶಿ ನೋಡಿ ಅಮ್ಮ ಗಾಬರಿಯಾದಳು. "ಹೆಚ್ಚಾಗಿದ್ರೆ ಶ್ರೀನಾಥನ ಹೆಸರಲ್ಲಿ ಹಚ್ಚೋಣ ಬಿಡೇ" ಎಂದಳು ಅಜ್ಜಿ.

ಇನ್ನು ಏಕಾದಶಿ. ಅವಳದು ಹನಿ ನೀರೂ ಇಲ್ಲದ ಉಪವಾಸ. ಮಾರನೇ ದಿನ ದ್ವಾದಶಿ, ಕತ್ತಲಿರುವಾಗಲೇ ಎದ್ದು ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಹೊಂದಿಸಿ ಎಲ್ಲರನ್ನೂ ಎಬ್ಬಿಸುವವಳೂ ಅವಳೇ. ಎಂಟು ತುಂಬಿದವರಿಂದ ಹಿಡಿದು ಎಂಬತ್ತರವರೆಗೆ ಏಕಾದಶಿ ಬಿಡುವ ಹಾಗಿಲ್ಲ ಎಂಬುದು ಶಾಸ್ತ್ರ. ಅಜ್ಜಿ ಶಾಸ್ತ್ರವನ್ನು ಎಂದೂ ಮೀರಲಿಲ್ಲ, ವಯಸ್ಸನ್ನು ಮಾತ್ರ ತನಗೆ ಬೇಕಾದ ಹಾಗೆ ಹಿಡಿದಿಟ್ಟಳು. ನಾನು ನಾಲ್ಕನೇ ಕ್ಲಾಸು ಮುಗಿಸಿದರೂ ಅವಳ ಲೆಕ್ಕದಲ್ಲಿ ನನಗೆ ಏಳು. ಪ್ರತಿ ಏಕಾದಶಿಗೂ ಮೊಸರವಲಕ್ಕಿ ಕಲಸಿ, "ಇವನಿಗಿನ್ನೂ ಏಳು ಕಣೋ" ಎಂದು ಅಪ್ಪನ ಬಾಯಿ ಮುಚ್ಚಿಸುತ್ತಿದ್ದಳು.

"ಅಮ್ಮಾ, ಇವನಿಗೆ ಉಪನಯನವೇ ಆಯ್ತಲ್ಲ!"

"ಬ್ರಹ್ಮೋಪದೇಶ ಮಾಡಿದ್ದು ಕಿವಿಗೆ. ಹೊಟ್ಟೆಗೆ ಯಾರು ಹೇಳಿದ್ರು?"

ಆ ತುದಿಯಲ್ಲಿ ತನ್ನ ವಯಸ್ಸನ್ನು ಎಪ್ಪತ್ತೊಂಬತ್ತರಲ್ಲಿ ನಿಲ್ಲಿಸಿದ್ದಳು. ವರ್ಷಗಳು ಬಂದವು, ಹೋದವು, ಅಜ್ಜಿ ಎಂಬತ್ತಕ್ಕೆ ಕಾಲಿಡಲೇ ಇಲ್ಲ. ಡಾಕ್ಟರು ಇನ್ನು ಉಪವಾಸ ಬೇಡವೆಂದಾಗ ಅಪ್ಪ ರೇಷನ್ ಕಾರ್ಡು ತಂದು ತೋರಿಸಿದರು. ಅದರ ಪ್ರಕಾರ ಎಂಬತ್ಮೂರು. ಅಜ್ಜಿ ಕನ್ನಡಕ ಏರಿಸಿ ಓದಿ, "ಇದು ಸೀಮೆಎಣ್ಣೆಗೆ ಕೊಟ್ಟ ವಯಸ್ಸು. ದೇವರಿಗೆ ಕೊಟ್ಟದ್ದಲ್ಲ" ಎಂದು ಕಾರ್ಡು ವಾಪಸು ಕೊಟ್ಟಳು.

ಇಂಥವಳ ಪಂಚಾಂಗದ ಖಾತೆ ನನ್ನ ಕೈಗೆ ಬಂದಿದೆ. ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲವಾಗಿ ತಿಥಿ ಒಮ್ಮೆ ಹತ್ತೊಂಬತ್ತು ಗಂಟೆಗೇ ಮುಗಿದೀತು, ಇನ್ನೊಮ್ಮೆ ಇಪ್ಪತ್ತಾರು ಗಂಟೆ ಎಳೆದೀತು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮೊದಲು ದಶಮಿ ಇನ್ನೂ ಉಳಿದಿದ್ದರೆ ನಮ್ಮ ಉಪವಾಸ ಮರುದಿನಕ್ಕೆ. ಅಜ್ಜಿ ಇದನ್ನೆಲ್ಲ ಬೆರಳ ಗೆಣ್ಣಿನಲ್ಲಿ ಎಣಿಸಿ ಒಗ್ಗರಣೆ ಸೀಯುವ ಮೊದಲೇ ಹೇಳುತ್ತಿದ್ದಳು. ನಾನು ಮಠದ ಪಂಚಾಂಗ, ಗೋಡೆಯ ಕ್ಯಾಲೆಂಡರು, ಮೊಬೈಲು ಮೂರನ್ನೂ ಹರಡಿಕೊಂಡು ಕೂರುತ್ತೇನೆ. ಪಕ್ಕದ ಮನೆಯವರು ಒಂಟಿಕೊಪ್ಪಲ್ ಪಂಚಾಂಗ ನೋಡಿ ಇವತ್ತು ಎನ್ನುತ್ತಾರೆ, ಮೊಬೈಲು ನಾಳೆ ಎನ್ನುತ್ತದೆ. "ಇವತ್ತು ಉಪ್ಪಿಟ್ಟೋ, ಉಪವಾಸವೋ, ಅಷ್ಟು ಹೇಳ್ರೀ ಸಾಕು" ಎನ್ನುತ್ತಾಳೆ ಹೆಂಡತಿ. ಹೀಗೆ ನನ್ನ ಉಸ್ತುವಾರಿಯಲ್ಲಿ ನಮ್ಮ ಮನೆ ಕೆಲವು ಪಕ್ಷಗಳಲ್ಲಿ ಎರಡು ದಿನವೂ ಉಪವಾಸವೆಂದುಕೊಂಡು ಎರಡು ದಿನವೂ ಉಪ್ಪಿಟ್ಟು ತಿಂದಿದೆ.

ಅಜ್ಜಿಯ ತಿಥಿ ಆಷಾಢ ಬಹುಳದಲ್ಲಿ, ನಟ್ಟನಡು ಶಾಕವ್ರತ. ಹೋಗುವಾಗಲೂ ತರಕಾರಿ ಖರ್ಚಿಲ್ಲದ ತಿಂಗಳನ್ನೇ ಆರಿಸಿಕೊಂಡಳು ಎಂದು ಅಡುಗೆಯವರು ಮೆಚ್ಚಿಕೊಳ್ಳುತ್ತಾರೆ. ಈ ವರ್ಷವೂ ಅಪ್ಪ ದರ್ಭೆ ಹಿಡಿದು ಕೂತರು. ನಾನು ಮಡಿಪಂಚೆಯಲ್ಲಿ ನೀರು, ಎಳ್ಳು, ಬಾಳೆಲೆ ಎಂದು ಓಡಾಡುವ ಆಳು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ, ಶ್ರಾದ್ಧಕ್ಕೆ ಅದೇ ಸರಿಯಾದ ಕಾಲ. ಎಂದರೆ ಮಧ್ಯಾಹ್ನ ಒಂದು ಗಂಟೆ ದಾಟದೆ ಯಾರಿಗೂ ಎಲೆ ಬೀಳುವುದಿಲ್ಲ. ಉದ್ದಿನ ವಡೆ ಕರಿಯುವ ವಾಸನೆ ಮಾತ್ರ ಹತ್ತು ಗಂಟೆಗೇ ಬರತೊಡಗುತ್ತದೆ. ಹನ್ನೊಂದರ ಹೊತ್ತಿಗೆ ನನ್ನ ಹೊಟ್ಟೆ ಮಂತ್ರಕ್ಕಿಂತ ಜೋರಾಗಿ ಮಾತಾಡತೊಡಗಿತು. ಪುರೋಹಿತರೇ ಒಮ್ಮೆ ನಿಲ್ಲಿಸಿ ನನ್ನ ಕಡೆ ನೋಡಿದರು.

ಅಮ್ಮ ಕಣ್ಸನ್ನೆ ಮಾಡಿ ಹಿತ್ತಿಲ ಬಾಗಿಲಿಗೆ ಕರೆದಳು. ಸೆರಗಿನ ಮರೆಯಲ್ಲಿ ಬಿಸಿ ಕಾಫಿ.

"ಬೇಗ ಕುಡಿ, ನಿಮ್ಮಪ್ಪ ನೋಡ್ತಾರೆ."

"ಅಮ್ಮಾ, ಇವತ್ತು ಅಜ್ಜಿ ತಿಥಿ!"

"ಅತ್ತೆ ಲೆಕ್ಕದಲ್ಲಿ ನಿನಗಿನ್ನೂ ಏಳು. ಕುಡಿಯೋ."

ತಲೆಯಲ್ಲಿ ಕಪ್ಪುಕೂದಲು ಹುಡುಕಬೇಕಾದ ವಯಸ್ಸಿನ ನಾನು ಗೋಡೆಗೆ ಮುಖ ಮಾಡಿ ಗಟಗಟ ಕುಡಿದೆ. ಇನ್ನೊಂದು ಅರ್ಧ ಲೋಟ ಸಿಕ್ಕೀತೇ ಎಂದು ಕೇಳಿದ್ದಕ್ಕೆ ಮಾತ್ರ ಅಮ್ಮ, "ಈಗ ಎಂಟು ತುಂಬ್ತು, ಹೋಗು" ಎಂದು ಅಡುಗೆಮನೆ ಬಾಗಿಲು ಹಾಕಿಕೊಂಡಳು.