ಸನ್ನಡತೆಗೆ ಬಿಡುಗಡೆ

ನಾಲ್ಕು ವರ್ಷದ ಶಿಕ್ಷೆಯಾಗಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ನಟರಾಜನ್ ಅವಧಿ ಪೂರೈಸಿ 2021ರ ಜನವರಿಯಲ್ಲಿ ಹೊರಬಂದರು. ಅವರ ಕೋಣೆ ನೋಡಲು ಹೋದ ಅಧಿಕಾರಿಗೆ ಮಾತ್ರ ತಿಂಗಳು ತುಂಬುವುದರೊಳಗೆ ಜೈಲಿನಿಂದ ಬಿಡುಗಡೆ ಸಿಕ್ಕಿತು. ಸನ್ನಡತೆ ಅಂದರೆ ಹೀಗಿರಬೇಕು!

2017ರ ಜೂನ್‌ನಲ್ಲಿ ಡಿ. ರೂಪಾ ಕಾರಾಗೃಹ ಇಲಾಖೆಯ ಡಿಐಜಿಯಾಗಿ ಬಂದರು. ಹೆಣ್ಣುಮಗಳು ಜೈಲಿನ ಅಧಿಕಾರ ಹಿಡಿದರೆ ನಾವು ಚಪ್ಪಾಳೆ ತಟ್ಟುವ ಮಂದಿ. 1993ರಲ್ಲಿ ಕಿರಣ್ ಬೇಡಿ ತಿಹಾರಕ್ಕೆ ಹೋದಾಗಿನಿಂದ ಅದು ರೂಢಿಯಾಗಿದೆ. ರೂಪಾ ಚಪ್ಪಾಳೆಗೆ ಕಾಯಲಿಲ್ಲ, ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನೊಳಗೆ ಹೊಕ್ಕು ನೋಡಿ ವರದಿ ಬರೆದೇಬಿಟ್ಟರು. ಶಶಿಕಲಾ ಅವರಿಗೆ ಬೇರೆ ಅಡುಗೆಮನೆ, ಛಾಪಾ ಕಾಗದ ಖ್ಯಾತಿಯ ನಮ್ಮ ಖಾನಾಪುರದ ತೆಲಗಿಗೆ ಕೈಕಾಲು ಒತ್ತುವ ಆಳುಗಳು, ಪರೀಕ್ಷೆ ಮಾಡಿದ 25 ಕೈದಿಗಳಲ್ಲಿ 18 ಮಂದಿ ಮಾದಕ ವಸ್ತು ಸೇವಿಸಿದವರು. ಸಾಲದ್ದಕ್ಕೆ, 2 ಕೋಟಿ ಲಂಚದ ಮಾತು ಓಡಾಡುತ್ತಿದೆ ಎಂಬ ಒಕ್ಕಣೆ ಬೇರೆ. ಕಾರಾಗೃಹ ಡಿಜಿಪಿ ಎಚ್.ಎನ್. ಸತ್ಯನಾರಾಯಣ ರಾವ್ ಎಲ್ಲವನ್ನೂ ಅಲ್ಲಗಳೆದರು.

ನಮ್ಮ ತಿಮ್ಮಾಪುರದ ಕಡೆ ಜೈಲು ಅಂದರೆ ಬೆಳಗಾವಿಯ ಹಿಂಡಲಗಾ, ಅದರ ಹೆಸರು ಹೇಳಿದರೇ ಹುಡುಗರು ಸುಮ್ಮನಾಗುತ್ತಾರೆ. ಇಲ್ಲಿಯ ಹಿರಿಯಳೊಬ್ಬಳಿಗೆ ಈ ಕೋಟಿಯ ಲೆಕ್ಕ ತಟ್ಟುವುದಿಲ್ಲ, ಒಲೆಯ ಲೆಕ್ಕ ತಟ್ಟುತ್ತದೆ: “ಅಲ್ಲೋ ತಮ್ಮಾ, ನಮ್ಮ ಮನ್ಯಾಗ ಸೊಸಿ ಬ್ಯಾರೆ ಒಲಿ ಹಚ್ಚಬೇಕಂದ್ರ ಹಿರ್ಯಾರ ಕೂಡಿ ನ್ಯಾಯ ಮಾಡಬೇಕು. ಜೈಲಿನ್ಯಾಗ ಅದು ಅಷ್ಟು ಸಸಾರ ಏನೋ?”

ಜುಲೈ 17ರಂದು ಆದೇಶ ಬಂತು. ರೂಪಾ ಸಂಚಾರ ಮತ್ತು ರಸ್ತೆ ಸುರಕ್ಷತೆಗೆ ವರ್ಗ. ಕಂಬಿ ಎಣಿಸುವ ಕೆಲಸ ತಪ್ಪಿ ಹೆಲ್ಮೆಟ್ ಎಣಿಸುವ ಕೆಲಸ. ಅದೇ ದಿನ ರಾವ್ ಅವರನ್ನೂ ಎತ್ತಂಗಡಿ ಮಾಡಿದರು. ಆರೋಪ ಮಾಡಿದಾಕೆಗೂ ಆರೋಪ ಹೊತ್ತವರಿಗೂ ಒಂದೇ ಪ್ರಸಾದ. ಸ್ತ್ರೀ ಪುರುಷ ಸಮಾನತೆ ಇಲಾಖೆಯಲ್ಲಿ ಇಲ್ಲ ಎಂದವರು ಯಾರು? ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದು ಆಡಳಿತದ ಸಹಜ ಪ್ರಕ್ರಿಯೆ ಎಂದರು. ಮಾಧ್ಯಮದ ಮುಂದೆ ಬಾಯಿಬಿಟ್ಟದ್ದಕ್ಕೆ ರೂಪಾ ಅವರಿಗೆ ನೋಟಿಸೂ ಹೋಯಿತು.

ಆಮೇಲೆ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಸಮಿತಿ ವಿಚಾರಣೆ ಮಾಡಿ, ವಿಶೇಷ ಸವಲತ್ತು ಸಿಕ್ಕಿದ್ದು ಹೌದು ಎಂದಿತು. ಎನ್ನಲಿ ಬಿಡಿ. ಮಹಿಳಾ ನಾಯಕತ್ವ ಬೇಕೇ ಬೇಕು; ಮಾರ್ಚ್ 8ಕ್ಕೆ ವೇದಿಕೆಯ ಮೇಲೆ ಖಾಕಿ ತೊಟ್ಟ ಒಬ್ಬರಾದರೂ ಇರದಿದ್ದರೆ ಹಾರ ಯಾರಿಗೆ ಹಾಕುವುದು? ಆದ್ದರಿಂದ ಬೀಗದ ಕೈಗೊಂಚಲು ಧಾರಾಳವಾಗಿ ಕೊಡುತ್ತೇವೆ. ಅದನ್ನು ಬಾಗಿಲಿಗೆ ಹಚ್ಚಿ ತಿರುವಬಾರದು, ಅಷ್ಟೆ.

2024ರ ಆಗಸ್ಟ್‌ನಲ್ಲಿ ಅದೇ ಪರಪ್ಪನ ಅಗ್ರಹಾರದಿಂದ ನಟ ದರ್ಶನ್ ಅವರ ಫೋಟೊ ಬಂತು. ಕೊಲೆ ಪ್ರಕರಣದ ವಿಚಾರಣಾಧೀನ ಕೈದಿ, ಕುರ್ಚಿಯಲ್ಲಿ ಆರಾಮಾಗಿ ಕೂತು ಕೈಯಲ್ಲಿ ಕಾಫಿ ಮಗ್, ಸಿಗರೇಟು. ಸುಧಾರಣೆ ಆಗಿಲ್ಲ ಎನ್ನಬೇಡಿ. ಈ ಸಲ ಸಿಬ್ಬಂದಿ ಅಮಾನತಾದರು, ಕೈದಿಯೇ ಬಳ್ಳಾರಿಗೆ ವರ್ಗವಾದರು. ಒಳಗೆ ಹೊಕ್ಕು ವರದಿ ಬರೆಯುವ ಡಿಐಜಿಯೂ ಬೇಕಾಗಲಿಲ್ಲ, ಫೋಟೊ ತಾನೇ ಗೋಡೆ ಹಾರಿ ಬಂದಿತ್ತು. ಅದಕ್ಕೆ ನೋಟಿಸು ಕೊಡಲು ಬರುವುದಿಲ್ಲ, ರಸ್ತೆ ಸುರಕ್ಷತೆಗೆ ಕಳಿಸಲೂ ಬರುವುದಿಲ್ಲ.